ಅವರೆಕಾಳಿನ ತಾಳಕ್ಕೆ ತಿರುಗಿದ ನಕ್ಷತ್ರ

ಗೌರಿಬಿದನೂರು
18 ಜನವರಿ 2025, ಶನಿವಾರ, ರಾತ್ರಿ

ಸಂಜೆ ಆರೂವರೆಗೆ, ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶ ಯಾನದ ಕಂಪ್ಯೂಟರ್ ಆಟದಲ್ಲಿ ನನ್ನ ನೌಕೆ ಇಂಧನ ಮುಗಿಯುತ್ತ ಬಂದು ನಿಂತಿತು. ಹತ್ತಿರದ ನಿಲ್ದಾಣಕ್ಕೆ ನಾಲ್ಕು ಸಾವಿರ ಜ್ಯೋತಿರ್ವರ್ಷಗಳ ದಾರಿಯಿರುವ, ಆಕಾಶಗಂಗೆಯ ತಟ್ಟೆಯಿಂದ ಮೇಲಕ್ಕೆ ಬಂದು ನಕ್ಷತ್ರಗಳೇ ವಿರಳವಾಗಿರುವ ಜಾಗವದು. ಮುಖ್ಯ ಟ್ಯಾಂಕಿನಲ್ಲಿ ಉಳಿದದ್ದು 0.12 ಟನ್. ಡಿಸೆಂಬರ್ ಕೊನೆಯ ರಜೆಯಿಂದ ಈಚೆಗೆ ನಾನು ಸುತ್ತಿದ ಇನ್ನೂರಕ್ಕೂ ಹೆಚ್ಚು ನಕ್ಷತ್ರ ವ್ಯವಸ್ಥೆಗಳ ಮಾಹಿತಿಯೆಲ್ಲ ಅದೇ ನೌಕೆಯಲ್ಲಿದೆ. ಈ ಆಟದಲ್ಲಿ ಬರಿದೇ ಕಂಡದ್ದು ನಮ್ಮದಾಗುವುದಿಲ್ಲ. ನಿಲ್ದಾಣಕ್ಕೆ ಹಿಂದಿರುಗಿ ಮಾಹಿತಿಯನ್ನು ಮಾರಿದ ಮೇಲೆಯೇ ಆ ಲೋಕಗಳ ಪಕ್ಕದಲ್ಲಿ ಮೊದಲು ಕಂಡವರೆಂದು ನಮ್ಮ ಹೆಸರು ಸೇರುತ್ತದೆ. ನೌಕೆ ನಾಶವಾದರೆ ಮೂರು ವಾರಗಳ ರಾತ್ರಿಗಳೂ ಅದರೊಂದಿಗೆ ಹೋದವು.

ತಪ್ಪು ಸಂಪೂರ್ಣವಾಗಿ ನನ್ನದು. ಒ, ಬಿ, ಎ, ಎಫ್, ಜಿ, ಕೆ, ಎಂ ಎಂಬ ಏಳು ವರ್ಗದ ನಕ್ಷತ್ರಗಳಿಂದ ಮಾತ್ರ ಇಂಧನ ಮೊಗೆದುಕೊಳ್ಳಬಹುದು ಎಂಬುದನ್ನು ಆಟ ಹಿಡಿದ ಮೊದಲ ವಾರದಲ್ಲಿಯೇ ಕಲಿಯುತ್ತೇವೆ. ನಕ್ಷೆಯಲ್ಲಿ ಈ ಏಳನ್ನು ಮಾತ್ರ ಉಳಿಸಿಕೊಂಡು ದಾರಿ ಹಾಕಿದರೆ ಆಕಾಶಗಂಗೆಯ ಈ ತುದಿಯಿಂದ ಆ ತುದಿಗೆ ಹೋದರೂ ಇಂಧನಕ್ಕಾಗಿ ಕಾತರಿಸಬೇಕಾಗಿಲ್ಲ. ನಿನ್ನೆ ರಾತ್ರಿ ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸತ್ತ ದೊಡ್ಡ ನಕ್ಷತ್ರಗಳ ಕುಗ್ಗಿದ ತಿರುಳುಗಳು, ಎಲ್ಲಿವೆ ಎಂದು ನೋಡುವುದಕ್ಕಾಗಿ ನಕ್ಷೆಯ ಆ ಸೋಸುವಿಕೆಯನ್ನು (ಫಿಲ್ಟರ್) ತೆಗೆದಿದ್ದೆ. ಮರಳಿ ಹಾಕುವುದನ್ನು ಮರೆತೆ. ಪರಿಣಾಮವಾಗಿ ಇಂದು ಒಂದರ ಹಿಂದೆ ಒಂದರಂತೆ ಕಂದು ಕುಬ್ಜಗಳೇ ಎದುರಾದವು. ಎಲ್, ಟಿ, ವೈ ವರ್ಗದ ಆ ಮಂಕು ಕೆಂಡಗಳಿಂದ ಹನಿ ಇಂಧನವೂ ಹುಟ್ಟುವುದಿಲ್ಲ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಕೊನೆಯ ಜಿಗಿತದಲ್ಲಿ ಬಂದು ಇಳಿದದ್ದು ಒಂದು ನ್ಯೂಟ್ರಾನ್ ನಕ್ಷತ್ರದ ಎದುರು. ಅದೂ ಮೊಗೆಯಲು ಬಾರದ ನಕ್ಷತ್ರ. ಉಳಿದ ಇಂಧನಕ್ಕೆ ಹದಿಮೂರು ಜ್ಯೋತಿರ್ವರ್ಷ ಜಿಗಿಯಬಹುದು. ಇಂಧನ ಸಿಗುವ ಅತಿ ಹತ್ತಿರದ ಕೆ ವರ್ಗದ ನಕ್ಷತ್ರ ಮೂವತ್ತೊಂದು ಜ್ಯೋತಿರ್ವರ್ಷ ದೂರದಲ್ಲಿದೆ.

ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನು ಮೊದಲು ಹೇಳಿದ ಮಾತು, “ಅಕ್ಕಾ, ಯೋಚನೆ ಆಮೇಲೆ ಮಾಡು, ಮೊದಲು ಆಟದಿಂದ ಹೊರಗೆ ಬಾ.” ಇದನ್ನು ಎಲ್ಲರೂ ನೆನಪಿಡತಕ್ಕದ್ದು. ನೌಕೆ ಸುಮ್ಮನೆ ನಿಂತಿದ್ದರೂ ಒಳಗಿನ ಯಂತ್ರಗಳು ಇಂಧನ ಕುಡಿಯುತ್ತಲೇ ಇರುತ್ತವೆ; ಆಟದಿಂದ ಹೊರಬಂದು ಮುಖ್ಯ ಪಟ್ಟಿಗೆ (ಮೆನು) ಮರಳಿದ ಕ್ಷಣದಿಂದ ಒಂದು ಹನಿಯೂ ಖರ್ಚಾಗುವುದಿಲ್ಲ. ಗಾಬರಿಯಾದ ಮನುಷ್ಯ ಮಾತ್ರ ಪರದೆಯನ್ನು ದಿಟ್ಟಿಸುತ್ತ ಅಲ್ಲೇ ಕುಳಿತು ಉಳಿದದ್ದನ್ನೂ ಸುಡುತ್ತಾನೆ. ನಾನು ಆಗಲೇ ಐದು ನಿಮಿಷ ಹಾಗೆಯೇ ಕುಳಿತಿದ್ದೆ. ಫ್ಯುಯೆಲ್ ರ್ಯಾಟ್ಸ್‌ನವರನ್ನು ಕರೆ ಎಂದೂ ಅವನು ಹೇಳಿದ. 2015ರಿಂದ ಹೀಗೆ ಸಿಕ್ಕಿಕೊಂಡವರಿಗೆ ಕಾಸು ಕೇಳದೆ ಇಂಧನ ತಲುಪಿಸುವ ಆಟಗಾರರ ತಂಡ ಅದು. ಕರೆದರೆ ನಾಲ್ಕು ಸಾವಿರ ಜ್ಯೋತಿರ್ವರ್ಷವಾದರೂ ಬರುತ್ತಾರೆ. ಕರೆಯುವುದಕ್ಕೆ ನನಗೆ ನಾಚಿಕೆಯಾಯಿತು. ನಾಲ್ಕು ವರ್ಷ ಆಡಿದವಳು ಸೋಸುವಿಕೆ ಮರೆತೆನೆಂದು ಯಾರ ಮುಂದೆ ಹೇಳಲಿ?

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಅಮ್ಮ ಬೆಳಿಗ್ಗೆಯೇ ಅವರೆಕಾಳನ್ನು ನೀರಿಗೆ ಹಾಕಿದ್ದಳು; ಹಿದುಕಿದ ಬೇಳೆಯ ಸಾರಿನ ದಿನ ದೊಡ್ಡಪ್ಪನಿಗೆ ಯಾರೂ ಹೇಳಿಕಳುಹಿಸಬೇಕಾಗಿಲ್ಲ, ಸೊಗಡೇ ಕರೆಯುತ್ತದೆ. ನಡುಮನೆಯಲ್ಲಿ ಬೋಗುಣಿ ಇಟ್ಟುಕೊಂಡು ಮೂವರೂ ಕಾಳು ಹಿದುಕಲು ಕುಳಿತೆವು. ನನ್ನ ಮುಖ ನೋಡಿದವರೇ ದೊಡ್ಡಪ್ಪ ಏನಾಯಿತೆಂದು ಕೇಳಿದರು. ಹೇಗೆ ವಿವರಿಸುವುದೆಂದು ತಿಳಿಯದೆ, ಫೋನಿನಲ್ಲಿದ್ದ ಹಳೆಯ ವಿಡಿಯೊ ತುಣುಕೊಂದನ್ನು ಹಾಕಿ ತೋರಿಸಿದೆ. ಹೊಸ ವ್ಯವಸ್ಥೆಯೊಂದಕ್ಕೆ ಬಂದ ಮೇಲೆ ವೇಗವನ್ನು ಪೂರ್ತಿ ತಗ್ಗಿಸಿ ಅಲ್ಲಿನ ಗ್ರಹಗಳನ್ನು ಹುಡುಕುವ ಉಪಕರಣದ ತುಣುಕು ಅದು. ಹಳೆಯ ರೇಡಿಯೊದ ಮುಳ್ಳು ತಿರುಗಿಸಿದಂತೆ ತರಂಗಾಂತರದ ಪಟ್ಟಿಯ ಮೇಲೆ ಸರಿಯುತ್ತ ಹೋಗಬೇಕು. ಬಂಡೆಯ ಗ್ರಹ ಒಂದೆಡೆ, ಅನಿಲದೈತ್ಯ ಇನ್ನೊಂದೆಡೆ, ಹೀಗೆ ಒಂದೊಂದು ಬಗೆಗೆ ಒಂದೊಂದು ಜಾಗ, ಒಂದೊಂದು ದನಿ. ಪಳಗಿದವರು ಕಣ್ಣು ಮುಚ್ಚಿಕೊಂಡೇ ಭೂಮಿಯಂಥ ಗ್ರಹವನ್ನು ಹೇಳಬಲ್ಲರು.

ದೊಡ್ಡಪ್ಪ ಫೋನನ್ನು ಕಿವಿಗೆ ಹಿಡಿದುಕೊಂಡು ಪೂರ್ತಿ ಕೇಳಿದರು. ಬಳಿಕ ಅತ್ಯಂತ ಸಹಜವಾಗಿ, “ಇದು ನಮ್ಮ ಹೊಲದ ಕಡೆ ಇರೋ ಕಂಬಗಳ ಕೆಲಸ ತಾನೇ?” ಎಂದರು.

ಅವರು ಹುಡುಗರಾಗಿದ್ದಾಗ ಕೆಲವು ದಿನ ಅಲ್ಲಿ ಕಂಬ ಹೊತ್ತು ಹಾಕುವ ಕೂಲಿಗೆ ಹೋಗಿದ್ದರಂತೆ. ಈ ಸಂಗತಿ ನನಗೆ ಇಷ್ಟು ವರ್ಷ ತಿಳಿದೇ ಇರಲಿಲ್ಲ. ಅವರು ಹೇಳಿದ್ದು ಊರಾಚೆಯ ರೇಡಿಯೊ ದೂರದರ್ಶಕದ ಮಾತು; ಶಾಲೆಯಲ್ಲಿದ್ದಾಗ ಅದನ್ನು ನಾವೂ ನೋಡಿದ್ದೇವೆ. ಗಾಜು, ಗುಮ್ಮಟ ಏನೂ ಕಾಣದೆ ನಿರಾಶರಾಗಿ ತಂದಿದ್ದ ಚಿತ್ರಾನ್ನ ತಿಂದು ಮರಳಿದ್ದೇವೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ 1976ರಿಂದ ನಡೆಸುತ್ತಿರುವ ಆ ವೀಕ್ಷಣಾಲಯದಲ್ಲಿ ಒಂದು ಸಾವಿರ ದ್ವಿಧ್ರುವ ಆಂಟೆನಾಗಳನ್ನು, ಅಂದರೆ ಎರಡು ತೋಳಿನ ತಂತಿಗಳನ್ನು, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹರಡಿದ್ದಾರೆ. ಪೂರ್ವ ಪಶ್ಚಿಮದ ತೋಳೊಂದೇ 1.4 ಕಿಲೋಮೀಟರ್ ಉದ್ದವಿದೆ. ಅದು ಕೇಳುವುದು 34.5 ಮೆಗಾಹರ್ಟ್ಸ್‌ನ ಅಲೆಗಳನ್ನು, ಅಂದರೆ ಒಂದೊಂದು ಅಲೆಯೂ ಸುಮಾರು 8.7 ಮೀಟರ್ ಉದ್ದ. ಅಷ್ಟು ಉದ್ದದ ಅಲೆಯನ್ನು ಹಿಡಿಯುವುದಕ್ಕೆ ನುಣುಪಾದ ಕನ್ನಡಿ ಬೇಕಿಲ್ಲ, ಹೊಲದ ತುಂಬ ತಂತಿ ಸಾಕು.

“ಇದು ಮಾತಾಡಲ್ಲ, ಬರೀ ಕೇಳ್ಕೊಳ್ಳತ್ತೆ ಅಂತ ಸಾಹೇಬ್ರು ಹೇಳಿದ್ರು. ನಮಗೆ ನಗು ಬಂದಿತ್ತು ಕಣಮ್ಮಾ. ಏನು ಕೇಳತ್ತೆ ಅಂತ ಆಗ ಕೇಳಲಿಲ್ಲ, ಈಗ ನೀನು ಹೇಳು.”

ನಾನು ಆಟದ ಜ್ಞಾನವನ್ನು ಪಕ್ಕಕ್ಕಿಟ್ಟು, ಓದಿದ್ದನ್ನು ನೆನಪಿಗೆ ತಂದುಕೊಂಡು ಹೇಳಿದೆ. ಸಿಂಹರಾಶಿಯ ದಿಕ್ಕಿನಲ್ಲಿ ಬಿ0943+10 ಎಂಬ ಪಲ್ಸಾರ್ ಇದೆ. ಹೆಸರೇ ಅದರ ವಿಳಾಸ, ನೆಲದ ರೇಖಾಂಶ ಅಕ್ಷಾಂಶಗಳಿದ್ದಂತೆ ಆಕಾಶದಲ್ಲಿ 9 ಗಂಟೆ 43 ನಿಮಿಷ, ಉತ್ತರಕ್ಕೆ 10 ಡಿಗ್ರಿ. ಅದರ ಮಿಡಿತವನ್ನು ನಮ್ಮೂರಿನ ಇದೇ ತಂತಿಗಳಲ್ಲಿ ಹಿಡಿದು, ಮಿಡಿತದೊಳಗಿನ ಉಪಮಿಡಿತಗಳು ಜಾರುತ್ತ ಹೋಗುವ ಬಗೆಯನ್ನು ವಿಶ್ಲೇಷಿಸಿ ಪ್ರಬಂಧ ಬರೆದಿದ್ದಾರೆ. ಪಲ್ಸಾರ್ ಎಂದರೆ ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರವೇ. ಸೂರ್ಯನಿಗಿಂತ ಹೆಚ್ಚು ತೂಕ, ಆದರೆ ಅಗಲ ಸುಮಾರು 20 ಕಿಲೋಮೀಟರ್. ಈ ಅಂಚನ್ನು ಗೌರಿಬಿದನೂರಿನಲ್ಲಿಟ್ಟರೆ ಆ ಅಂಚು ಹಿಂದೂಪುರವನ್ನೂ ಮುಟ್ಟದು. ಬಿ0943+10 ಒಂದು ಸುತ್ತಿಗೆ 1.098 ಸೆಕೆಂಡ್ ತೆಗೆದುಕೊಳ್ಳುತ್ತದೆ.

“ಅಂದ್ರೆ ಈ ಕಾಳು ಹಿದುಕಿದ ಹಾಗೆ,” ಎಂದು ದೊಡ್ಡಪ್ಪ ಬೋಗುಣಿಯೊಳಗೆ ಕಾಳೊಂದನ್ನು ಚಿಮ್ಮಿಸಿದರು. ಮುಂದಿನ ಹತ್ತು ನಿಮಿಷ ನಾವು ಮಾಡಿದ ಕೆಲಸವನ್ನು ಬರೆಯಲು ಸ್ವಲ್ಪ ಸಂಕೋಚವೇ ಆಗುತ್ತಿದೆ. ಒಂದು ನಿಮಿಷಕ್ಕೆ ಆ ನಕ್ಷತ್ರ ಐವತ್ತನಾಲ್ಕು ಸುತ್ತು ಮುಗಿಸಿ ಐವತ್ತೈದನೆಯದರಲ್ಲಿರುತ್ತದೆ ಎಂದು ಲೆಕ್ಕ ಹಾಕಿ, ಮೊಬೈಲಿನಲ್ಲಿ ಸಮಯ ಹಿಡಿದು, ದೊಡ್ಡಪ್ಪ ಎಷ್ಟು ಕಾಳು ಹಿದುಕುತ್ತಾರೆಂದು ಎಣಿಸಿದೆವು. ನಲವತ್ತೊಂದು. ನನ್ನದು ಇಪ್ಪತ್ತೆಂಟು. ಅಮ್ಮ ತಲೆಯೆತ್ತದೆ ಐವತ್ತೆಂಟು ಕಾಳು ಹಿದುಕಿ, “ನಿಮ್ಮ ನಕ್ಷತ್ರಕ್ಕೆ ಎಂಟು ಗಂಟೆಗೆ ಊಟ ಬಡಿಸೋ ಕೆಲಸ ಇಲ್ಲವಲ್ಲ,” ಎಂದಳು.

ಸಾರು ಕುದಿಯುವಾಗ ಮಾಳಿಗೆಗೆ ಹೋದೆ. ಪಶ್ಚಿಮದಲ್ಲಿ ಶುಕ್ರ, ಅದರ ಪಕ್ಕದಲ್ಲಿಯೇ ಮಂಕಾಗಿ ಶನಿ. ಈ ವಾರ ಎರಡೂ ಅಷ್ಟು ಹತ್ತಿರ ಬಂದಿವೆ. ನೆತ್ತಿಯ ಕಡೆ ಗುರು. ಆಟದ ಉಪಕರಣದಲ್ಲಿ ಗ್ರಹಗಳು ದನಿ ಮಾಡುವುದು ಬರಿಯ ಕಟ್ಟುಕತೆ ಎಂದು ನಾನೇ ಹಲವರೊಡನೆ ವಾದಿಸಿದ್ದೇನೆ. ಆ ವಾದ ಪೂರ್ತಿ ಸರಿಯಲ್ಲ. ಗುರುಗ್ರಹ ರೇಡಿಯೊ ಅಲೆಗಳನ್ನು ಹೊರಸೂಸುತ್ತದೆಂಬುದು 1955ರಲ್ಲಿಯೇ ತಿಳಿದದ್ದು. ಆ ಸಿಡಿತಗಳು ನಲವತ್ತು ಮೆಗಾಹರ್ಟ್ಸ್‌ನ ಸಮೀಪದವರೆಗೂ ಏರುತ್ತವೆ, ನಮ್ಮೂರ ತಂತಿಗಳು ಕೇಳುವ 34.5 ಅದರೊಳಗೇ ಬರುತ್ತದೆ. ಆಟ ಮಾಡಿದವರು ಇದನ್ನು ತಿಳಿದೇ ಮಾಡಿದರೋ, ಚೆನ್ನಾಗಿ ಕೇಳಿಸುತ್ತದೆಂದು ಮಾಡಿದರೋ. ಹೊರಗೆ ಚಳಿ ವಿಪರೀತವಾಗಿತ್ತು. ಪೂರ್ವದಲ್ಲಿ ಸಿಂಹರಾಶಿ ಆಗಷ್ಟೇ ಏಳುವುದರಲ್ಲಿತ್ತು.

ಉಪಾಯ ಹೊಳೆದದ್ದು ಅಲ್ಲಿಯೇ. ನ್ಯೂಟ್ರಾನ್ ನಕ್ಷತ್ರದ ಧ್ರುವಗಳಿಂದ ಚಿಮ್ಮುವ ಧಾರೆಯೊಳಗೆ ನೌಕೆಯನ್ನು ನುಗ್ಗಿಸಿದರೆ ಮುಂದಿನ ಒಂದು ಜಿಗಿತದ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದು ಎಲ್ಲ ಆಟಗಾರರಿಗೂ ಗೊತ್ತು. ಆದರೆ ನಾನು ಅದನ್ನು ತುಂಬಿದ ಟ್ಯಾಂಕಿನವರ ಐಷಾರಾಮವೆಂದೇ ತಿಳಿದಿದ್ದೆ. ಬೇಗ ದೂರ ಹೋಗಬೇಕಾದವರು ಬಳಸುವ ಹೆದ್ದಾರಿ. ನಾಲ್ಕು ಪಟ್ಟು ಎಂದರೆ ಹದಿಮೂರಕ್ಕೂ ನಾಲ್ಕು ಪಟ್ಟೇ ಅಲ್ಲವೇ? ಐವತ್ತೆರಡು. ನನಗೆ ಬೇಕಾದದ್ದು ಮೂವತ್ತೊಂದು. ಇಂಧನವಿಲ್ಲದ ನಕ್ಷತ್ರವೆಂದು ನಾನು ಶಪಿಸುತ್ತಿದ್ದದ್ದೇ ನನ್ನನ್ನು ದಾಟಿಸಬಲ್ಲದು, ಅದೂ ಒಂದು ಹನಿ ಹೆಚ್ಚಿನ ಇಂಧನ ಕೇಳದೆ.

ಊಟವಾದ ಮೇಲೆ ಒಳಗೆ ಹೋದೆ. ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಬೆನ್ನ ಹಿಂದೆ ಕುಳಿತರು. ಇಂಥ ಗತಿ ಬಂದವರಿಗಾಗಿ ಕ್ರಮವನ್ನು ಬರೆದಿಡುತ್ತೇನೆ. ಒಳಗೆ ಹೋಗುವ ಮೊದಲೇ ಗುರಿಯ ನಕ್ಷತ್ರದ ಹೆಸರನ್ನು ಕಾಗದದಲ್ಲಿ ಗುರುತು ಮಾಡಿಕೊಂಡಿರಬೇಕು, ನಕ್ಷೆಯಲ್ಲಿ ಹುಡುಕಾಡುವಾಗಲೂ ಇಂಧನ ಉರಿಯುತ್ತಿರುತ್ತದೆ. ಧಾರೆಯನ್ನು ನಕ್ಷತ್ರದ ಬುಡದಲ್ಲಿ ಎಂದಿಗೂ ಹೊಗಬಾರದು. ದೂರದ ತುದಿಯಲ್ಲಿ, ಅದು ತೆಳುವಾಗಿ ಹರಡಿರುವಲ್ಲಿ, ಓರೆಯಾಗಿ ಪ್ರವೇಶಿಸಿ ನಕ್ಷತ್ರಕ್ಕೆ ಬೆನ್ನು ಹಾಕಿ ಹೊರಬರುವ ಹಾಗೆ ಮೂತಿ ತಿರುಗಿಸಿಕೊಂಡಿರಬೇಕು. ಒಳಗೆ ನೌಕೆ ಗಾಳಿಪಟದಂತೆ ತೂರಾಡುತ್ತದೆ. ಅದರೊಡನೆ ಜಗ್ಗಾಡದೆ ಸಣ್ಣ ಸಣ್ಣ ತಿದ್ದುಪಡಿಗಳಲ್ಲಿ ನಿಭಾಯಿಸಬೇಕು. ಪ್ರತಿ ಸಲವೂ ಜಿಗಿತದ ಯಂತ್ರಕ್ಕೆ ಸ್ವಲ್ಪ ಪೆಟ್ಟಾಗುತ್ತದೆ, ಆದ್ದರಿಂದ ದುರಸ್ತಿ ಘಟಕವಿಲ್ಲದೆ ದೂರ ಹೊರಡಬಾರದು. ಸೂರ್ಯನಂಥ ನಕ್ಷತ್ರ ಸತ್ತು ಉಳಿಯುವ ಶ್ವೇತ ಕುಬ್ಜದ ಧಾರೆಯಲ್ಲಿ ಸಿಗುವ ಲಾಭ ಅರ್ಧಪಟ್ಟು ಮಾತ್ರ, ಅಪಾಯ ಅದಕ್ಕಿಂತ ಬಹಳ ಹೆಚ್ಚು. ಹೋದ ವರ್ಷ ನನ್ನ ನೌಕೆಯೊಂದು ಸುಟ್ಟುಹೋದದ್ದು ಅಂಥದರಲ್ಲಿಯೇ, ಅದರ ನೆನಪಿನಿಂದ ಇಂದೂ ಕೈ ಬೆವರುತ್ತಿತ್ತು.

“ಒಳಗೆ ಹೋದ್ಯಾ?” ಎಂದು ದೊಡ್ಡಪ್ಪ ಕೇಳಿದಾಗ ನಾನು ಧಾರೆಯ ನಡುವೆ ಇದ್ದೆ, ಉತ್ತರ ಕೊಡಲಿಲ್ಲ. ಯಂತ್ರ ತುಂಬಿತು. ಹೊರಬಂದೆ. ಜಿಗಿದೆ. ಎದುರಿಗೆ ಕಿತ್ತಳೆ ಬಣ್ಣದ ಕೆ ನಕ್ಷತ್ರ ಪರದೆಯ ತುಂಬ ಬಂದು ನಿಂತಾಗ ಟ್ಯಾಂಕಿನ ಗೀಟು ಕಾಣದಷ್ಟು ಸಣ್ಣದಾಗಿತ್ತು. ಬಿಸಿ ಏರದಂತೆ ಅಂಚಿನ ಮೇಲೆ ನಿಧಾನವಾಗಿ ತೇಲುತ್ತ ಮೊಗೆಯತೊಡಗಿದೆ. ದೊಡ್ಡಪ್ಪನಿಗೆ ಆ ಹೊತ್ತಿಗೆ ಆಟದಲ್ಲಿ ಆಸಕ್ತಿ ಹೋಗಿತ್ತು. ಆ ಧಾರೆ ನಿಜವಾದ ನಕ್ಷತ್ರದಲ್ಲಿಯೂ ಹೀಗೆಯೇ ಕಾಣುತ್ತದೆಯೇ ಎಂದು ಕೇಳಿದರು. ಇಲ್ಲ, ಕಣ್ಣಿಗೆ ಹೀಗೆ ಕಾಣುವುದಿಲ್ಲ, ರೇಡಿಯೊ ಕಿರಣ ದೀಪಸ್ತಂಭದ ಬೆಳಕಿನಂತೆ ಸುತ್ತುತ್ತ ನಮ್ಮ ಕಡೆ ತಿರುಗಿದಾಗೊಮ್ಮೆ ತಂತಿಗೆ ತಗಲುತ್ತದೆ, ಅಷ್ಟೆ, ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ಹಾಕಿದ ಕಂಬಗಳಲ್ಲಿ ಒಂದಕ್ಕಾದರೂ ಅದು ತಗಲಿರುತ್ತದೆಯೇ ಎಂದರು.

ತಗಲಿರುತ್ತದೆ ಎಂದು ಹೇಳಿದೆ. ಅವರು ಹಾಕಿದವು ಆಂಟೆನಾದ ಕಂಬಗಳೋ ಬೇಲಿಯ ಕಂಬಗಳೋ ಎಂದು ನಾನು ಕೇಳಲಿಲ್ಲ. ನಾಳೆ ಭಾನುವಾರ, ಬಿಸಿಲೇರುವ ಮೊದಲು ಸ್ಕೂಟರಿನಲ್ಲಿ ಅವರನ್ನು ಆ ಕಡೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಒಳಗೆ ಬಿಡದಿದ್ದರೂ ರಸ್ತೆಯಿಂದ ಸಾಲು ಕಾಣುತ್ತದೆ. ನಿಲ್ದಾಣಕ್ಕೆ ಇನ್ನೂ ನಾಲ್ಕು ಸಾವಿರ ಜ್ಯೋತಿರ್ವರ್ಷವಿದೆ, ಸೋಸುವಿಕೆಯನ್ನು ಮರಳಿ ಹಾಕಿದೆನೋ ಇಲ್ಲವೋ ಎಂದು ಈಗ ಬರೆಯುತ್ತ ಕುಳಿತಾಗ ಅನುಮಾನ ಬಂತು.