ನೀರು ಹೆಪ್ಪುಗಟ್ಟದ ಊರಿನಲ್ಲಿ ಕೂಲಂಟ್

ದೀಪಾವಳಿ ಕಳೆದು ಗುಮಟಾಪುರದ ಗೋರೆ ಹಬ್ಬವೂ ಮುಗಿದ ಮೇಲಿನ ವಾರ, ಮೆಟ್ಟುಪಾಳ್ಯದ ಮಂಡಿಯಲ್ಲಿ ಎಲೆಕೋಸು ಇಳಿಸಿ, ಬರುವ ದಾರಿಯಲ್ಲಿ ಸತ್ಯಮಂಗಲದಿಂದ 25 ಚೀಲ ಗೊಬ್ಬರ ಹೇರಿಕೊಂಡು ನಮ್ಮ ಪಿಕಪ್ಪಿನಲ್ಲಿ ತಮಿಳುನಾಡಿನ ಗಡಿಯೊಳಗಿರುವ ನಮ್ಮ ತಾಳವಾಡಿಗೆ ಮರಳುತ್ತಿದ್ದೆವು. ಬಣ್ಣಾರಿ ಅಮ್ಮನ ಗುಡಿ ದಾಟಿ ದಿಂಬಂ ಘಾಟಿ ಹತ್ತತೊಡಗಿದಾಗ ಮಧ್ಯಾಹ್ನ ಮೂರೂವರೆ. ಈ ಘಾಟಿಗೆ 27 ಹಿಮ್ಮುರಿ ತಿರುವುಗಳಿವೆ. ತುಂಬಿದ ಲಾರಿಯ ಹಿಂದೆ ಸಿಕ್ಕಿಕೊಂಡರೆ ಎರಡನೆಯ ಗೇರಿನಲ್ಲೇ ಮುಕ್ಕಾಲು ಗಂಟೆ ತೆವಳಬೇಕಾಗುತ್ತದೆ; ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಎದುರುಗಾಳಿ ಮಾತ್ರ ಇರುವುದಿಲ್ಲ.

ಕೆಳಗಿನಿಂದ ಎಣಿಸಿದರೆ ಒಂಬತ್ತನೆಯ ತಿರುವಿನಲ್ಲಿ ಉಷ್ಣತೆಯ ಮುಳ್ಳು ನಡುಗೆರೆಯನ್ನು ದಾಟಿತು. ಹನ್ನೆರಡನೆಯದರಲ್ಲಿ ಅದು ಕೆಂಪು ಗುರುತನ್ನು ಮುಟ್ಟುವಷ್ಟರಲ್ಲಿ ಗಾಡಿಯನ್ನು ಅಂಚಿಗೆ ತಂದು, ಎಂಜಿನ್ನನ್ನು ಒಂದೆರಡು ನಿಮಿಷ ಹಾಗೆಯೇ ಓಡಲು ಬಿಟ್ಟೆ. ಮುಳ್ಳು ಇಳಿಯಲಿಲ್ಲ, ಆರಿಸಿದೆ. ಬಾನೆಟ್ ಎತ್ತಿದಾಗ ರಿಸರ್ವ್ ಬಾಟಲಿಯೊಳಗೆ ನೀರು ಅನ್ನದ ಗಂಜಿಯಂತೆ ಕೊತಕೊತ ಕುದಿಯುತ್ತಿತ್ತು, ಬೆಲ್ಲದ ಪಾಕ ಹತ್ತಿದಂಥ ಸಿಹಿ ವಾಸನೆ ಹಬ್ಬಿತ್ತು. ಜೊತೆಗಿದ್ದ ತಮ್ಮ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಲು ಹೋದ. ನಾನು ಅವನ ಮಣಿಕಟ್ಟನ್ನು ಹಿಡಿದು ಹಿಂದಕ್ಕೆಳೆದೆ. ಒತ್ತಡದಲ್ಲಿರುವ ಆ ನೀರು ಮುಚ್ಚಳ ತೆರೆದ ಕ್ಷಣಕ್ಕೆ ಹಬೆಯಾಗಿ ಚಿಮ್ಮಿ ಮುಖದ ಚರ್ಮವನ್ನೇ ಸುಲಿಯುತ್ತದೆ.

ಕತ್ತಲಾದ ಮೇಲೆ ಘಾಟಿಯಲ್ಲಿ ಸಂಚಾರಕ್ಕೆ ನಿರ್ಬಂಧವಿದೆ, ಸುತ್ತ ಹುಲಿ ರಕ್ಷಿತಾರಣ್ಯ, ಆನೆಗಳು ರಸ್ತೆಗಿಳಿಯುವ ಹೊತ್ತು ಸಮೀಪಿಸುತ್ತಿತ್ತು. ಆದರೂ ಪೂರ್ತಿ ಒಂದು ಗಂಟೆ ಕಾದೆವು. ಬಳಿಕ ಗೋಣಿತಾಟು ಮಡಿಸಿ ಮುಚ್ಚಳದ ಮೇಲೆ ಹಾಕಿ, ಮೊದಲ ಹಂತಕ್ಕಷ್ಟೇ ತಿರುಗಿಸಿ ಉಳಿದ ಒತ್ತಡ ಹೊರಹೋಗಲು ಬಿಟ್ಟು, ಆಮೇಲೆ ತೆರೆದೆ. ಕುಡಿಯಲು ತಂದಿದ್ದ ಎರಡೂವರೆ ಲೀಟರ್ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿದೆವು. ಅಷ್ಟು ಬಿಸಿಯಾದ, ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ಡಿಗೆ ತಣ್ಣೀರನ್ನು ಒಮ್ಮೆಲೇ ಸುರಿದರೆ ಅದು ಬಿರುಕು ಬಿಡಬಹುದು. ಎರಡು ಕಡೆ ನಿಲ್ಲಿಸಿ, ದೀಪ ಹಚ್ಚುವ ಹೊತ್ತಿಗೆ ಮೇಲೆ ಬಂದು ಮುಟ್ಟಿದೆವು.

ಮರುದಿನ ಬೆಳಿಗ್ಗೆ ತಣ್ಣಗಾಗಿದ್ದ ಎಂಜಿನ್ನಿನ ಮುಂದೆ ಕುಳಿತು ಮುಚ್ಚಳ ಕಳಚಿ ನೋಡಿದೆ. ಅದರ ತಳದಲ್ಲಿ, ನಮ್ಮ ಬಚ್ಚಲಿನ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿಯ ಗಚ್ಚು ಹಕ್ಕಳೆಗಟ್ಟಿತ್ತು. ರಬ್ಬರಿನ ಬಳೆ ಒಂದು ಕಡೆ ಚಪ್ಪಟೆಯಾಗಿ ಸೀಳಿತ್ತು. ಬೆರಳಿಳಿಸಿದಾಗ ಸಿಕ್ಕಿದ್ದು ಕೊಳದ ಕೆಸರಿನ ಬಣ್ಣದ ಒಂದು ಲೋಳೆ. ಹೆಬ್ಬೆರಳಿನಿಂದ ಉಜ್ಜಿದರೆ ಒಳಗೆ ಮರಳಿನಂಥ ಕಣಗಳು ತಾಕುತ್ತಿದ್ದವು. ಗಾಡಿ ಹೊಸದಾಗಿದ್ದಾಗ ಇದೇ ಜಾಗದಲ್ಲಿ ತಿಳಿಗುಲಾಬಿ ಬಣ್ಣದ ಕೂಲಂಟ್, ಎಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಇತ್ತು.

ಏನು ನಡೆದಿತ್ತೆಂಬುದು ನನಗೆ ಆಗ ಅರ್ಥವಾಯಿತು. ಮಾರ್ಚಿಯಲ್ಲಿ ಕೆಳಗಿನ ಹೋಸ್ ಒಡೆದಾಗ ದಾರಿಬದಿಯ ಒಂದು ಗ್ಯಾರೇಜಿನಲ್ಲಿ ಅದನ್ನು ಬದಲಿಸಿದ್ದರು. ಬ್ಲಾಕಿನಲ್ಲಿ ಹಳೆಯ ಗುಲಾಬಿ ದ್ರವ ಅರ್ಧದಷ್ಟು ಉಳಿದಿರುವಾಗಲೇ ಮೇಲಿನಿಂದ ಹಸಿರು ದ್ರವ ಸುರಿದಿದ್ದರು. ನಂತರ ಮಟ್ಟ ಇಳಿದಾಗಲೆಲ್ಲ ನಾನು ನಮ್ಮ ಬೋರ್‌ವೆಲ್ಲಿನ ನೀರನ್ನು ಸೇರಿಸುತ್ತ ಬಂದಿದ್ದೆ. ಆ ತಪ್ಪು ಪೂರ್ತಿಯಾಗಿ ನನ್ನದೇ.

ಈ ದ್ರವಕ್ಕೆ ಆಂಟಿಫ್ರೀಜ್, ಎಂದರೆ ಹೆಪ್ಪುಗಟ್ಟದಂತೆ ತಡೆಯುವುದು, ಎಂಬ ಹೆಸರೂ ಇದೆ. ನಮ್ಮ ಕಡೆ ಇಂದಿಗೂ ಕೇಳಿಬರುವ ಮಾತೊಂದಿದೆ: 'ಆಂಟಿಫ್ರೀಜ್ ಎಂದರೆ ಹಿಮ ಬೀಳುವ ಊರಿನವರಿಗೆ, ನಮಗ್ಯಾಕೆ?' ನೀಲಗಿರಿಯಲ್ಲಿ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಹುಲ್ಲಿನ ಮೇಲೆ ಹಿಮದ ಹುಡಿ ಕಾಣಿಸುವುದು ನಿಜ, ಆದರೆ ತಾಳವಾಡಿಯಲ್ಲಿ ನೀರು ಹೆಪ್ಪುಗಟ್ಟಿದ್ದನ್ನು ನಾನು ಕಂಡವನಲ್ಲ. ಆದರೆ ಆ ದ್ರವದ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ನೀರು ಹೆಪ್ಪುಗಟ್ಟುವುದನ್ನು ತಡೆಯುವುದಷ್ಟೇ ಅಲ್ಲ, ಬೇಗ ಕುದಿಯದಂತೆಯೂ ನೋಡಿಕೊಳ್ಳುತ್ತದೆ. ಅರ್ಧಕ್ಕರ್ಧ ಬೆರೆಸಿದ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಗಟ್ಟಿಯಾಗುವುದಿಲ್ಲ, ತೆರೆದ ಪಾತ್ರೆಯಲ್ಲೂ 106 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ಮುಚ್ಚಳದ ಸ್ಪ್ರಿಂಗ್ ಸುಮಾರು 1 ಬಾರ್ ಒತ್ತಡವನ್ನು ಹಿಡಿದಿಟ್ಟುಕೊಂಡರೆ ಆ ಮಿತಿ ಇನ್ನೂ 20 ಡಿಗ್ರಿಯಷ್ಟು ಮೇಲೇರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿ ಬರಿಯ ನೀರು 97 ಡಿಗ್ರಿಯೊಳಗೇ ಕುದಿಯುತ್ತದೆ. ಎಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆದುಕೊಳ್ಳುವುದೇ 82 ಡಿಗ್ರಿಯ ಹತ್ತಿರ ಎಂದಾದರೆ, ಸೀಳಿದ ಮುಚ್ಚಳವನ್ನಿಟ್ಟುಕೊಂಡು, ಗ್ಲೈಕಾಲ್ ತೆಳುವಾಗಿಹೋದ ನೀರಿನಲ್ಲಿ ಘಾಟಿ ಹತ್ತುತ್ತಿದ್ದ ನಮ್ಮ ಪಾಲಿಗೆ ಅಂತರವೇ ಉಳಿದಿರಲಿಲ್ಲ.

ಚಾಮರಾಜನಗರದ ಬಿಡಿಭಾಗದ ಅಂಗಡಿಯಲ್ಲಿ ನನ್ನನ್ನು ಮೊದಲು ಕೇಳಿದ್ದು 'ಯಾವ ಕಲರ್ ಬೇಕು?' ಎಂದು. ಹಸಿರು, ಕೆಂಪು, ನೀಲಿ ಬಾಟಲಿಗಳನ್ನು ಸಾಲಾಗಿ ಇಟ್ಟರು. ನಾನು ಗಾಡಿಯ ಪುಸ್ತಕವನ್ನು ಜೊತೆಗೇ ಒಯ್ದಿದ್ದೆ. ಬಣ್ಣವೆಂಬುದು ತಯಾರಕರು ಸೇರಿಸುವ ಬಣ್ಣವಷ್ಟೇ, ಅದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಮುಖ್ಯವಾಗಿರುವುದು ತುಕ್ಕನ್ನು ತಡೆಯಲು ಅದರಲ್ಲಿ ಏನು ಬೆರೆಸಿದ್ದಾರೆ ಎಂಬುದು. ಹಳೆಯ ಬಗೆಯ ದ್ರವದಲ್ಲಿ ಸಿಲಿಕೇಟ್, ಫಾಸ್ಫೇಟ್‌ಗಳು ಲೋಹದ ಮೈಗೆಲ್ಲ ಒಂದು ಪದರವನ್ನು ಕಟ್ಟಿ ಕಾಪಾಡುತ್ತವೆ. ಅವು ಬೇಗ ಸವೆಯುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು; ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿದರೆ ಫಾಸ್ಫೇಟ್ ಗಚ್ಚಾಗಿ ಕೂರುತ್ತದೆ. ಸಾವಯವ ಆಮ್ಲದ ಬಗೆಯದು ತುಕ್ಕು ಶುರುವಾಗುವ ಜಾಗದಲ್ಲಿ ಮಾತ್ರ ಕೆಲಸ ಮಾಡುವುದರಿಂದ ಸಾಮಾನ್ಯವಾಗಿ ಐದು ವರ್ಷ ಬಾಳುತ್ತದೆ. ಎರಡನ್ನೂ ಬೆರೆಸಿದರೆ ದೀರ್ಘ ಬಾಳಿಕೆಯ ಲಾಭ ಕಳೆದುಹೋಗುತ್ತದೆ, ಕೆಲವು ಜೋಡಿಗಳು ಲೋಳೆಯಾಗಿ ಹೆಪ್ಪಾಗುವುದೂ ಉಂಟು. ನನ್ನ ಬೆರಳಿಗೆ ಅಂಟಿದ್ದು ಅದೇ.

ಪುಸ್ತಕ ಹೇಳಿದ್ದು ಎಥಿಲೀನ್ ಗ್ಲೈಕಾಲಿನ, ಸಾವಯವ ಆಮ್ಲದ ಬಗೆ. ಲಾರಿ ಓಡಿಸುವ ಗೆಳೆಯರೊಬ್ಬರು ದೊಡ್ಡ ಡೀಸೆಲ್ ಎಂಜಿನ್ನಿಗೆ ಹಾಕುವ, ನೈಟ್ರೈಟ್ ಬೆರೆತ ದ್ರವವನ್ನೇ ಕೊಳ್ಳಿ ಎಂದಿದ್ದರು. ಆ ಸಲಹೆಗೂ ಕಾರಣವಿದೆ: ಪಿಸ್ಟನ್ ಓಡಾಡುವ ಕೊಳವೆಗಳಾದ, ಸುತ್ತ ನೀರು ಆಡುವ ಬಿಡಿ ಲೈನರುಗಳು ಅದುರುವಾಗ ಹುಟ್ಟುವ ಸಣ್ಣ ಗುಳ್ಳೆಗಳು ಒಡೆದೊಡೆದು ಲೈನರಿನ ಲೋಹದಲ್ಲಿ ಗುಂಡಿ ಕೊರೆಯುತ್ತವೆ, ನೈಟ್ರೈಟ್ ಅದನ್ನು ತಡೆಯುತ್ತದೆ. ನಮ್ಮ ಪಿಕಪ್ಪಿನ ಎಂಜಿನ್ನಿನಲ್ಲಿ ಅಂಥ ಲೈನರುಗಳಿಲ್ಲವಾದ್ದರಿಂದ ಪುಸ್ತಕದ ಮಾತನ್ನೇ ಪಾಲಿಸಿದೆ. ಒಂದು ಬಾಟಲಿಯ ಮೇಲೆ ಗ್ಲೈಕಾಲ್ ಎಷ್ಟು ಪಾಲಿದೆ ಎಂದೇ ಬರೆದಿರಲಿಲ್ಲ, ಅದನ್ನು ಪಕ್ಕಕ್ಕಿಟ್ಟೆ. ಭಾರತದ ಐಎಸ್ 5759, ಜಪಾನಿನ ಜೆಐಎಸ್ ಕೆ 2234 ಎಂಬ ಮಾನಕಗಳನ್ನೂ ಬಗೆಯನ್ನೂ ಸ್ಪಷ್ಟವಾಗಿ ನಮೂದಿಸಿದ್ದ ಇನ್ನೊಂದನ್ನು ಆರಿಸಿದೆ.

ನೀರು ಬೆರೆಸಿ ಸಿದ್ಧವಾದದ್ದನ್ನು ಬಿಟ್ಟು, ನೀರು ಬೆರೆಸದ ಗಟ್ಟಿ ದ್ರವವನ್ನೇ ಕೊಂಡದ್ದಕ್ಕೆ ಒಂದು ಲೆಕ್ಕವಿತ್ತು. ಪುಸ್ತಕದ ಪ್ರಕಾರ ನಮ್ಮ ಗಾಡಿ ಹಿಡಿಯುವುದು 8 ಲೀಟರ್. ರೇಡಿಯೇಟರಿನ ಕೆಳಗಿನ ನಲ್ಲಿಯನ್ನು ಬಿಚ್ಚಿದರೆ ಅಷ್ಟೂ ಹೊರಬರುವುದಿಲ್ಲ, ಬ್ಲಾಕಿನೊಳಗೆ ಎರಡು ಮೂರು ಲೀಟರ್ ಉಳಿದೇ ಉಳಿಯುತ್ತದೆ. ತೊಳೆದ ಮೇಲೆ ಒಳಗೆ ಉಳಿಯುವುದು ಬರಿಯ ನೀರು. ಅದರ ಮೇಲೆ ಸಿದ್ಧ ಮಿಶ್ರಣವನ್ನು ಹೊಯ್ದರೆ ಅರ್ಧಕ್ಕರ್ಧ ಇರಬೇಕಾದದ್ದು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಗಟ್ಟಿ ದ್ರವವಾದರೆ 4 ಲೀಟರನ್ನು ಮೊದಲು ಹಾಕಿ, ಮಿಕ್ಕ ಜಾಗಕ್ಕೆ ನೀರು ತುಂಬಿದರೆ ಪಾಲು ತಾನಾಗಿ ಸರಿಹೋಗುತ್ತದೆ. ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಗ್ಲೈಕಾಲನ್ನೇ ತುಂಬುವುದೂ ತಪ್ಪು. ಶಾಖವನ್ನು ಹೊತ್ತೊಯ್ಯುವ ಶಕ್ತಿ ಅದಕ್ಕೆ ನೀರಿಗಿಂತ ಬಹಳ ಕಡಿಮೆ. ನೀರಿಗೆ ಬ್ಯಾಟರಿಗೆ ಹಾಕುವ ಖನಿಜರಹಿತ ನೀರಿನ ಎರಡು ಕ್ಯಾನುಗಳನ್ನು ತಂದೆ. ಹೊಸ ಮುಚ್ಚಳವನ್ನು ಹಳೆಯದರ ಮೇಲಿದ್ದ 1.1 ಎಂಬ ಒತ್ತಡದ ಅಂಕಿ ನೋಡಿ ಕೊಂಡೆ.

ಭಾನುವಾರ ಅಂಗಳದ ಸಮತಟ್ಟಾದ ಜಾಗದಲ್ಲಿ, ತಣ್ಣನೆಯ ಎಂಜಿನ್ನಿನಿಂದ ಹಳೆಯದನ್ನು ಇಳಿಸಿದೆವು. ಮೊದಲ ಬಕೆಟ್ಟಿಗೆ ಬಂದದ್ದು ಕಲಕಿದ ರಾಗಿ ಗಂಜಿಯಂತಿತ್ತು. ಮಳೆಗಾಲದಲ್ಲಿ ಹಿಡಿದಿಟ್ಟಿದ್ದ ಮಾಳಿಗೆಯ ನೀರು ತುಂಬಿ, ಮೇಲಿನ ಹೋಸ್ ಕೈಗೆ ಬಿಸಿಯಾಗುವ ತನಕ, ಎಂದರೆ ಥರ್ಮೋಸ್ಟಾಟ್ ತೆರೆಯುವ ತನಕ ಎಂಜಿನ್ ಓಡಿಸಿ, ಆರಲು ಬಿಟ್ಟು, ಮತ್ತೆ ಇಳಿಸಿದೆವು. ಒಂದು ಸುತ್ತಿಗೆ ಒಂದೂವರೆ ಗಂಟೆ ಹಿಡಿಯಿತು. ತಮ್ಮನಿಗೆ ಎರಡನೆಯ ಸುತ್ತಿಗೇ ಸಾಕೆನಿಸಿತ್ತು. ನಾಲ್ಕನೆಯ ಸಲ ಬಿಳಿ ಲೋಟದಲ್ಲಿ ಹಿಡಿದ ನೀರಿನ ಆಚೆಗೆ ನನ್ನ ಬೆರಳು ಸ್ಪಷ್ಟವಾಗಿ ಕಾಣುವವರೆಗೂ ನಾನು ಬಿಡಲಿಲ್ಲ. ಕೊನೆಯದಾಗಿ ಒಂದು ಸುತ್ತು ಖನಿಜರಹಿತ ನೀರಿನಲ್ಲೇ ಆಯಿತು.

ಆಮೇಲೆ ಗಟ್ಟಿ ದ್ರವ, ಅದರ ಹಿಂದೆ ನೀರು. ನಿಧಾನವಾಗಿ ಹೊಯ್ಯುತ್ತ ಹೋಸುಗಳನ್ನು ಒತ್ತಿ ಬಿಡುತ್ತಿದ್ದರೆ ಗುಳುಗುಳು ಎನ್ನುತ್ತ ಗಾಳಿ ಹೊರಬರುತ್ತದೆ. ಗಾಳಿ ತೆಗೆಯುವ ಸ್ಕ್ರೂವಿನ ಬಾಯಿಯಲ್ಲಿ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಕಾದು ಅದನ್ನು ಬಿಗಿಮಾಡಿದೆ. ಒಳಗೆ ಸಿಕ್ಕಿಕೊಂಡ ಒಂದು ಗಾಳಿಗುಳ್ಳೆ ಇಷ್ಟೆಲ್ಲ ಶ್ರಮವನ್ನು ಹಾಳುಮಾಡಬಲ್ಲದು.

ಹಳೆಯ ದ್ರವವನ್ನು ಚರಂಡಿಗೆ ಬಿಡಲು ಮನಸ್ಸು ಬರಲಿಲ್ಲ. ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿಯೋ ಕರುವೋ ನೆಕ್ಕಿದರೆ ಅದರ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಮಕ್ಕಳಿಗೂ ಅಷ್ಟೇ ಅಪಾಯ. ಮೊದಲೆರಡು ಸುತ್ತಿನದನ್ನೂ ಸೇರಿಸಿ ಕ್ಯಾನುಗಳಲ್ಲಿ ತುಂಬಿ, 'ವಿಷ' ಎಂದು ಬರೆದು ಅಟ್ಟದ ಮೇಲಿಟ್ಟೆ. ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿನವರು ಅದನ್ನು ತೆಗೆದುಕೊಳ್ಳಲು ಒಪ್ಪಿದರು. ಅಂಗಳದಲ್ಲಿ ಚೆಲ್ಲಿದ ಹನಿಗಳ ಮೇಲೆ ತಮ್ಮ ಮಣ್ಣು ಹರಡಿ, ಆ ಮಣ್ಣನ್ನೂ ಬಾಚಿ ತೆಗೆದ.

ಮರುದಿನ ಬಾಟಲಿಯ ಮಟ್ಟ ಎರಡು ಬೆರಳಿನಷ್ಟು ಇಳಿದಿತ್ತು, ಅಡಗಿದ್ದ ಗಾಳಿ ಹೊರಬಂದದ್ದರ ಗುರುತು ಅದು. ಮಿಶ್ರಣ ಸೇರಿಸಿದ ಮೇಲೆ ಮತ್ತೆ ಇಳಿಯಲಿಲ್ಲ. ಮುಂದಿನ ಗುರುವಾರ ಅಷ್ಟೇ ಚೀಲಗಳನ್ನು ಹೇರಿಕೊಂಡು ಬರುವಾಗ ಹನ್ನೆರಡನೆಯ ತಿರುವಿನಲ್ಲಿ ನಾವಿಬ್ಬರೂ ಮುಳ್ಳನ್ನೇ ನೋಡುತ್ತಿದ್ದೆವು; ಅದು ನಡುಗೆರೆಯ ಕೆಳಗೆ ಅಲುಗಾಡದೆ ನಿಂತಿತ್ತು. ದಿಂಬಂ ಮುಟ್ಟಿ ಚಹಾ ಕುಡಿಯುವಾಗ ಒಂದು ಪಟ್ಟಿಯ ಮೇಲೆ ದ್ರವದ ಬಗೆ, ಪಾಲು ಮತ್ತು ತಿಂಗಳನ್ನು ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿದೆ. 'ಬೋರ್ ನೀರು ಹಾಕಬೇಡಿ' ಎಂಬ ಸಾಲನ್ನು ಮಾತ್ರ, ಘಾಟಿಯ ಕೆಳಗಿನ ಗ್ಯಾರೇಜಿನವರೂ ಓದಲಿ ಎಂದು, ತಮ್ಮನ ಕೈಯಲ್ಲಿ ತಮಿಳಿನಲ್ಲೂ ಬರೆಸಿದೆ.