ಕಾಡಿನ ಹಾದಿಯಲ್ಲಿ 24 ಗುರಿ: ಬಿಲ್ಲು ಹಿಡಿದು ಹೊರಡುವವರಿಗೆ

ಹೋದ ಭಾನುವಾರ ನಮ್ಮ ಬಿಲ್ಲಿನ ಕ್ಲಬ್ಬಿನ ಗೆಳೆಯರೆಲ್ಲ ಸೇರಿ ಹೊರಾಂಗಣ ಶೂಟಿಂಗಿಗೆ ಹೋಗಿದ್ದೆವು. ಹನ್ನೆರಡು ಜನ, ನಾಲ್ಕು ನಾಲ್ಕು ಜನರ ಮೂರು ಗುಂಪು. ಗುಡ್ಡದ ಬದಿಯ ಕಾಡಿನಲ್ಲಿ ಹಾದಿಯುದ್ದಕ್ಕೂ ಫೋಮಿನ 24 ಪ್ರಾಣಿಗಳು, ಒಂದೊಂದಕ್ಕೆ ಎರಡೆರಡು ಬಾಣ. ಬೆಳಗ್ಗೆ ಎಂಟಕ್ಕೆ ಶುರು ಮಾಡಿದವರು ಮುಗಿಸಿದಾಗ ಮೂರೂವರೆ. ಗುರಿ ಹಿಡಿಯಲು ನೆರವಾಗುವ ಸೈಟು, ಅಲುಗಾಟ ತಡೆಯುವ ಸ್ಟೆಬಿಲೈಸರ್, ರಾಟೆ ಯಾವುದೂ ಇಲ್ಲದ ಬರಿ ಬಿಲ್ಲಿನವರು ನಾವು. ಲಾಂಗ್‌ಬೋ ಅನ್ನುವ ಉದ್ದನೆಯ ಸರಳ ಬಿಲ್ಲು, ತುದಿಗಳು ಮುಂದಕ್ಕೆ ಬಾಗಿರುವ ಮರದ ರಿಕರ್ವ್, ಇಬ್ಬರ ಕೈಯಲ್ಲಿ ಹೆಬ್ಬೆರಳಿನಿಂದ ಹೆದೆ ಸೆಳೆಯುವ ಗಿಡ್ಡ ಬಿಲ್ಲು. ಇಂಥದ್ದೊಂದು ದಿನಕ್ಕೆ ಮೊದಲ ಸಲ ಹೊರಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಯಾವ ಬಿಲ್ಲು ಒಯ್ಯಬೇಕು ಅನ್ನುವುದು. ಎರಡು ವರ್ಷದ ಹಿಂದೆ ಇದೇ ಹಾದಿಗೆ ನಾನು 45 ಪೌಂಡಿನ (ಹೆದೆ ಸೆಳೆಯಲು ಅಷ್ಟು ಬಲ ಬೇಕು) ಲಾಂಗ್‌ಬೋ ತಂದಿದ್ದೆ. ಅಂಗಳದಲ್ಲಿ ಅದು ನನಗೆ ಚೆನ್ನಾಗಿಯೇ ಒಗ್ಗಿತ್ತು. ಮೊದಲ ಹತ್ತು ಗುರಿಗಳವರೆಗೆ ಕಾಡಿನಲ್ಲೂ ಒಗ್ಗಿತು. ಹದಿನೈದನೆಯದಕ್ಕೆ ಬರುವಷ್ಟರಲ್ಲಿ ಬಾಣಗಳೆಲ್ಲ ಪ್ರಾಣಿಯ ಕಾಲಿನ ಕೆಳಗೆ ಮಣ್ಣಿಗೆ ಬೀಳತೊಡಗಿದವು. ದೂರದ ಅಂದಾಜು ತಪ್ಪುತ್ತಿದೆ ಅಂದುಕೊಂಡು ಮೇಲೆ ಮೇಲೆ ಗುರಿ ಹಿಡಿಯುತ್ತಿದ್ದೆ. ಹಿಂದೆ ನಿಂತಿದ್ದ ಗೆಳೆಯ ಎರಡು ಬಾಣ ನೋಡಿ, "ಅಂದಾಜು ಸರಿಯಾಗೇ ಇದೆ ಕಣೋ, ನಿನ್ನ ಕೈ ಕೆನ್ನೆವರೆಗೂ ಬರ್ತಾನೇ ಇಲ್ಲ" ಅಂದ. ನಿಜ. ಬೆನ್ನು ಸೋತಿತ್ತು, ಹೆದೆ ಇಂಚು ಒಂದೂವರೆ ಇಂಚು ಮೊದಲೇ ಬಿಟ್ಟುಹೋಗುತ್ತಿತ್ತು. ಬಿಲ್ಲಿನ ಮೇಲೆ ಬರೆದಿರುವ ತೂಕ 28 ಇಂಚು ಸೆಳೆದಾಗಿನದು. ಪ್ರತಿ ಇಂಚು ಕಡಿಮೆಯಾದಂತೆ ಸುಮಾರು ಎರಡು ಮೂರು ಪೌಂಡು ಇಳಿಯುತ್ತದೆ, ಬಾಣದ ವೇಗವೂ ಇಳಿಯುತ್ತದೆ. ಕಣ್ಣು ಸರಿಯಿದ್ದರೂ ಬಾಣ ಕೆಳಗೆ ಬೀಳುವುದು ಹೀಗೆ.

ಈ ಸಲ 35 ಪೌಂಡಿನ ರಿಕರ್ವ್ ಒಯ್ದೆ. 24ನೇ ಗುರಿಯಲ್ಲೂ ಹೆದೆ ಕೆನ್ನೆಗೆ ತಾಗಿತು. ಅಭ್ಯಾಸದ ಬಾಣಗಳನ್ನೂ ಸೇರಿಸಿದರೆ ಅರವತ್ತು ಸಲ ಸೆಳೆಯಬೇಕು. ಅದೂ ಏರು ಹತ್ತಿ, ಇಳಿದು, ಬೇರಿನ ಮೇಲೆ ಒಂದು ಕಾಲಿಟ್ಟು ನಿಂತು. ಹಾಗಾಗಿ ನಿಮ್ಮ ಹತ್ತಿರ ಎರಡು ಬಿಲ್ಲಿದ್ದರೆ ಹಗುರದ್ದನ್ನೇ ತನ್ನಿ. ನಮ್ಮ ಬಗೆಯ ಬಿಲ್ಲುಗಳಿಗೆ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯ 3ಡಿ (ಇಂಥ ಫೋಮಿನ ಪ್ರಾಣಿಗಳ ಆಟ) ನಿಯಮದಲ್ಲಿ, ಬಾಣ ಬಿಡಲು ನಿಲ್ಲುವ ಜಾಗ ತೋರಿಸುವ ನೀಲಿ ಗೂಟದಿಂದ ಅತಿ ಹೆಚ್ಚಿನ ದೂರ 30 ಮೀಟರ್. ನಮ್ಮ ಕ್ಲಬ್ಬೂ ಅದನ್ನೇ ಅನುಸರಿಸುತ್ತದೆ. ಅಷ್ಟು ದೂರಕ್ಕೆ 35 ಪೌಂಡು ಧಾರಾಳ ಸಾಕು.

ಬಾಣದ ವಿಷಯಕ್ಕೆ ಬಂದರೆ, ಕನಿಷ್ಠ ಎಂಟು ಒಯ್ಯಿರಿ, ಹತ್ತಿದ್ದರೆ ಇನ್ನೂ ಒಳ್ಳೆಯದು. ನಾನು ಹತ್ತು ಮರದ ಬಾಣ ಒಯ್ದು ಏಳನ್ನು ವಾಪಸು ತಂದೆ. ಎರಡು ಮುರಿದವು, ಒಂದು ಸಿಗಲೇ ಇಲ್ಲ. ತೂಕ ಬಿಲ್ಲಿನ ಪೌಂಡಿಗೆ 8ರಿಂದ 10 ಗ್ರೇನ್ (ಒಂದು ಗ್ರಾಮಿಗೆ ಸುಮಾರು ಹದಿನೈದು ಗ್ರೇನ್) ಇರುವಂತೆ ನೋಡಿಕೊಳ್ಳುವುದು ರೂಢಿ. ತೀರಾ ಹಗುರ ಬಾಣ ಬಿಟ್ಟರೆ ಬಿಲ್ಲಿನ ಶಕ್ತಿ ಬಾಣಕ್ಕೆ ಹೋಗದೆ ಬಿಲ್ಲಿನ ತೋಳುಗಳಿಗೇ ಮರಳುತ್ತದೆ, ಬಾಣವಿಲ್ಲದೆ ಹೆದೆ ಬಿಟ್ಟಂತೆ. ಪ್ಲಾಸ್ಟಿಕ್ ಗರಿಯ ಬಾಣ ಬೇಡ. ನಮ್ಮ ಬಿಲ್ಲಿನಲ್ಲಿ ಬಾಣ ಹಿಡಿಯ ಪಕ್ಕದ ಅಂಚಿನ ಮೇಲೆ, ಕೆಲವರದು ಕೈಯ ಮೇಲೇ ಕೂತು ಹೊರಡುತ್ತದೆ. ನಿಜವಾದ ಹಕ್ಕಿಯ ಗರಿ ಅಲ್ಲಿ ತಾಗಿದರೆ ಮಡಚಿಕೊಂಡು ದಾಟುತ್ತದೆ, ಪ್ಲಾಸ್ಟಿಕ್ ಬಡಿದು ಬಾಣವನ್ನು ಓರೆ ಮಾಡುತ್ತದೆ. ಗರಿಯ ಬಣ್ಣ ಕಿತ್ತಳೆಯೋ ಗಾಢ ಗುಲಾಬಿಯೋ ಇರಲಿ. ಕಂದು ಹಸಿರು ಗರಿ ಬತ್ತಳಿಕೆಯಲ್ಲಿ ಬಹಳ ಚಂದ ಕಾಣುತ್ತದೆ, ತರಗೆಲೆಯಲ್ಲಿ ಬಿದ್ದ ಮೇಲೆ ಕಾಣುವುದಿಲ್ಲ.

ಬೆಳಗಿನ ಇಬ್ಬನಿಯ ಹುಲ್ಲಿನಲ್ಲಿ ನಡೆದರೆ ಸಾಕು, ಬತ್ತಳಿಕೆಯಲ್ಲಿರುವ ಗರಿ ಒದ್ದೆಯಾಗಿ ಬಾಣಕ್ಕೆ ಅಂಟಿಕೊಂಡುಬಿಡುತ್ತದೆ. ಒಂದು ಪ್ಲಾಸ್ಟಿಕ್ ಚೀಲ ತಂದು ಬತ್ತಳಿಕೆಯ ಬಾಯಿಗೆ ಹೊದಿಸಿ. ಚಪ್ಪಟೆಯಾದ ಗರಿಗೆ ಮನೆಯಲ್ಲಿ ಕುದಿಯುವ ನೀರಿನ ಹಬೆ ತೋರಿಸಿದರೆ ಮತ್ತೆ ಎದ್ದು ನಿಲ್ಲುತ್ತದೆ.

ಬಿಲ್ಲಿಗೆ ಹೆದೆಯೇರಿಸಲು ಸ್ಟ್ರಿಂಗರ್ ಬಳಸಿ, ಅಂದರೆ ಬಿಲ್ಲಿನ ಎರಡೂ ತುದಿಗೆ ಸಿಕ್ಕಿಸಿ ಬಗ್ಗಿಸುವ ಹಗ್ಗ. ಕಾಲಿನ ನಡುವೆ ಸಿಕ್ಕಿಸಿ ಬಗ್ಗಿಸುವ ಅಭ್ಯಾಸದಿಂದ ತೋಳು ತಿರುಚಿಹೋದ ಬಿಲ್ಲನ್ನು ನಾನೇ ನೋಡಿದ್ದೇನೆ. ಒಂದು ಹೆಚ್ಚುವರಿ ಹೆದೆ ಜೊತೆಗಿರಲಿ, ಅದೂ ಮೊದಲೇ ನಾಲ್ಕಾರು ದಿನ ಬಳಸಿ ಎಳೆದು ಸರಿಯಾದದ್ದು. ಹೊಸ ಹೆದೆ ಬಳಸಿದಂತೆ ಉದ್ದವಾಗುತ್ತದೆ, ಆಗ ಹಿಡಿಗೂ ಹೆದೆಗೂ ನಡುವಿನ ಅಂತರ ಇಳಿಯುತ್ತದೆ. ನಮ್ಮಲ್ಲೊಬ್ಬರ ಬಿಲ್ಲು ಎಂಟನೇ ಗುರಿಯ ಹೊತ್ತಿಗೆ ಪಟಪಟ ಸದ್ದು ಮಾಡತೊಡಗಿತು. ಅಳೆದರೆ ಅರ್ಧ ಇಂಚು ಕಡಿಮೆ. ಹೆದೆ ಬಿಚ್ಚಿ ಹತ್ತು ಹುರಿ ಹೆಚ್ಚು ಕೊಟ್ಟು ಏರಿಸಿದ ಮೇಲೆ ಸದ್ದು ಅಡಗಿತು. ಬಿಲ್ಲಿನ ಸದ್ದು ಬದಲಾದರೆ ನಿಂತು ನೋಡಿ. ಇನ್ನೊಂದು ಮಾತು, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಲ್ಲು ಬಿಡಬೇಡಿ. ಪದರ ಪದರ ಅಂಟಿಸಿ ಮಾಡಿದ ಬಿಲ್ಲಿನ ಅಂಟು ಕಾವಿಗೆ ಬಿಟ್ಟುಕೊಳ್ಳಬಹುದು.

ಹಾದಿಗೆ ಇಳಿದ ಮೇಲೆ ನಿಜವಾದ ಕಷ್ಟ ದೂರದ್ದು. ಅಳತೆ ಬರೆಯದ ಗುರಿಗಳಿವು, ದೂರ ಅಳೆಯುವ ಯಂತ್ರಕ್ಕೆ ಅವಕಾಶವಿಲ್ಲ. ನಾನು ಮಾಡುವುದು ಇಷ್ಟು: ಗುರಿಗೂ ನನಗೂ ಸರಿ ಮಧ್ಯದಲ್ಲಿ ಒಂದು ಕಲ್ಲನ್ನೋ ಗಿಡವನ್ನೋ ಆರಿಸಿ, ಅಲ್ಲಿಗೆ ಎಷ್ಟು ಅಂತ ಅಂದಾಜಿಸಿ ಎರಡರಷ್ಟು ಮಾಡುತ್ತೇನೆ. ಹತ್ತು ಮೀಟರನ್ನು ಕಣ್ಣು ಚೆನ್ನಾಗಿ ಹಿಡಿಯುತ್ತದೆ, ಇಪ್ಪತ್ತೈದನ್ನು ಹಿಡಿಯುವುದಿಲ್ಲ. ನಡುವೆ ಹಳ್ಳ ಬಂದರೆ ಈ ಉಪಾಯ ಕೈಕೊಡುತ್ತದೆ, ಯಾಕೆಂದರೆ ಮಧ್ಯದ ನೆಲವೇ ಕಾಣುವುದಿಲ್ಲ. ಬಿಸಿಲಿನಲ್ಲಿ ನಿಂತ ಪ್ರಾಣಿ ಹತ್ತಿರವಿದ್ದಂತೆ, ನೆರಳಿನಲ್ಲಿರುವುದು ದೂರವಿದ್ದಂತೆ ತೋರುತ್ತದೆ ಅನ್ನುವುದನ್ನೂ ನೆನಪಿಡಿ.

ಇಳಿಜಾರಿನ ಗುರಿಯೊಂದು ನಮ್ಮ ಇಡೀ ಗುಂಪನ್ನು ಸೋಲಿಸಿತು. ಬಂಡೆಯ ತುದಿಯಲ್ಲಿ ಗೂಟ, ಕೆಳಗೆ ಪೊದೆಯ ಪಕ್ಕ ಜಿಂಕೆ. ಕಣ್ಣಳತೆಯಲ್ಲಿ 25 ಮೀಟರ್. ನಾಲ್ಕೂ ಜನರ ಮೊದಲ ಬಾಣ ಅದರ ಬೆನ್ನ ಮೇಲಿಂದ ಹಾರಿತು. ಭೂಮಿ ಬಾಣವನ್ನು ಎಳೆಯುವ ಲೆಕ್ಕ ಅಡ್ಡದ ದೂರಕ್ಕೆ ಸೇರಿದ್ದು. 30 ಡಿಗ್ರಿ ಇಳಿಜಾರಿನಲ್ಲಿ 25 ಮೀಟರ್ ಅಂದರೆ ಅಡ್ಡಕ್ಕೆ ಸುಮಾರು 22 ಮಾತ್ರ. ಏರಿನ ಗುರಿಗೂ ಇದೇ ಲೆಕ್ಕ. ಜೊತೆಗೆ ಬಿಲ್ಲಿನ ಕೈಯನ್ನಷ್ಟೇ ಕೆಳಗಿಳಿಸಬೇಡಿ. ಸಮನೆಲದಲ್ಲಿ ನಿಂತಂತೆ ಸೆಳೆದು, ಆಮೇಲೆ ಸೊಂಟದಿಂದ ಬಾಗಿ. ಭುಜದ ಗೆರೆ ಕೆಡದಿದ್ದರೆ ಸೆಳೆತವೂ ಕೆಡುವುದಿಲ್ಲ. ಎರಡನೇ ಬಾಣಕ್ಕೆ ಹೀಗೆ ಮಾಡಿದವರು ಮೂವರು, ಮೂವರದೂ ತಾಗಿತು.

ಅಂಕ ಬರೆಯುವ ಮೊದಲು ಯಾರೂ ಬಾಣ ಮುಟ್ಟಬಾರದು. ಒಳಗಿನ ಪುಟ್ಟ ವೃತ್ತಕ್ಕೆ 11, ಅದರ ಸುತ್ತಿನದಕ್ಕೆ 10, ಆಮೇಲೆ 8, ಉಳಿದ ಮೈಗೆ 5. ಗೆರೆಗೆ ತಾಗಿದ್ದರೆ ಹೆಚ್ಚಿನ ಅಂಕ. ಮುಟ್ಟಿ ಅಲುಗಾಡಿಸಿದ ಮೇಲೆ ಗೆರೆಯ ಮಾತು ಬಗೆಹರಿಯುವುದಿಲ್ಲ.

ಬಾಣ ಕೀಳುವುದನ್ನೂ ಕಲಿತೇ ಬನ್ನಿ. ಒಂದು ಅಂಗೈಯನ್ನು ಫೋಮಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಣವನ್ನು ಫೋಮಿಗೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಬಿಗಿಯಾಗಿ ಕಚ್ಚಿದ್ದರೆ ಮೆಲ್ಲಗೆ ತಿರುಗಿಸಿ. ಗರಿಯ ಕಡೆ ಹಿಡಿದು ಜಗ್ಗಿದರೆ ಮರ ಬಾಗಿ ಮೊನೆಯ ಹಿಂದೆಯೇ ಲಟಕ್ಕನೆ ಮುರಿಯುತ್ತದೆ. ನನ್ನ ಎರಡರಲ್ಲಿ ಒಂದು ಹೋಗಿದ್ದು ಹೀಗೆಯೇ, ಅವಸರದಿಂದ. ಕೀಳುವಾಗ ನೇರ ಹಿಂದೆ ಯಾರೂ ನಿಂತಿರಬಾರದು. ಒಮ್ಮೆಲೇ ಕಿತ್ತು ಬರುವ ಬಾಣದ ಹಿಂತುದಿ ಮುಖದ ಎತ್ತರಕ್ಕೇ ಬರುತ್ತದೆ. ಕಲ್ಲಿಗೋ ಮರಕ್ಕೋ ಬಡಿದ ಬಾಣವನ್ನು ಒರೆಸಿ, ಬೆರಳಿನಿಂದ ಉದ್ದಕ್ಕೂ ಸವರಿ, ಕಿವಿಯ ಹತ್ತಿರ ತುಸು ಬಗ್ಗಿಸಿ ನೋಡಿ. ಸೀಳಿನ ಸಣ್ಣ ಚಟಚಟ ಕೇಳಿದರೆ ಅದನ್ನು ಅಲ್ಲೇ ಮುರಿದು ಚೀಲಕ್ಕೆ ಹಾಕಿ. ಬಿರುಕು ಬಿಟ್ಟ ಬಾಣ ಹೆದೆ ಬಿಟ್ಟ ಕ್ಷಣದಲ್ಲಿ ಮುರಿದು ಮುಂಗೈಗೆ ಹೊಕ್ಕಬಹುದು. ಇದರಲ್ಲಿ ಉಳಿತಾಯ ನೋಡಬೇಡಿ.

ಕಳೆದ ಬಾಣ ಹುಡುಕಲು ಗುರಿಯ ಹಿಂದೆ ಹೋಗುವಾಗ ಒಬ್ಬರು ಗುರಿಯ ಮುಂದೆಯೇ ನಿಲ್ಲಬೇಕು, ಅಥವಾ ಬಿಲ್ಲೊಂದನ್ನು ಗುರಿಗೆ ಒರಗಿಸಿಡಬೇಕು. ಹಿಂದಿನ ಗುಂಪು ಗೂಟಕ್ಕೆ ಬಂದಾಗ ಮೊದಲು ಕಾಣುವುದು ಅದೇ. ಒಂಬತ್ತನೇ ಗುರಿಯ ಹಿಂದೆ ನಾವು ಮೂವರು ಬಗ್ಗಿಕೊಂಡು ಎಲೆ ಕೆದಕುತ್ತಿದ್ದಾಗ ಮುಂದಿನಿಂದ "ಹಿಂದೆ ಯಾರಾದ್ರೂ ಇದೀರಾ?" ಅಂತ ಕೂಗು ಬಂತು. ನಮ್ಮ ಬಿಲ್ಲು ಅಲ್ಲಿ ಒರಗಿತ್ತು, ಅದಕ್ಕೇ ಕೂಗಿದರು. 40 ಪೌಂಡಿನ ಬಿಲ್ಲಿನ ಬಾಣ ಮೇಲಕ್ಕೆ ಹೋದರೆ 150 ಮೀಟರ್ ದಾಟಬಲ್ಲದು. ಆದ್ದರಿಂದ ಹೆದೆ ಸೆಳೆಯುವಾಗ ಬಾಣದ ಮೊನೆ ಗುರಿಗಿಂತ ಮೇಲೆ ಆಕಾಶದ ಕಡೆ ಹೋಗಲೇಬಾರದು. ಹೊಸಬರಿಗೆ ನಮ್ಮ ಹಿರಿಯರು ದಿನದ ಮೊದಲ ಮಾತಾಗಿ ಹೇಳುವುದು ಇದನ್ನೇ.

ಹುಡುಕುವುದಕ್ಕೆ ಐದು ನಿಮಿಷ ಸಾಕು ಅಂತ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಹಿಂದಿನ ಗುಂಪುಗಳೆಲ್ಲ ನಿಲ್ಲಬೇಕಾಗುತ್ತದೆ. ಎಲೆಯೊಳಗೆ ನುಗ್ಗಿದ ಬಾಣ ನೆಲಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ, ನಿಂತು ನೋಡಿದರೆ ಕಾಣದು. ಗೂಟದಿಂದ ಗುರಿಗೆ ಹೋಗುವ ಗೆರೆಯಲ್ಲೇ ಮುಂದುವರಿದು, ಆ ಗೆರೆಗೆ ಅಡ್ಡಲಾಗಿ ಕೋಲಿನಿಂದ ಎಲೆ ಸರಿಸುತ್ತ ಹೋಗಿ. ಬರಿಗೈ ಹಾಕಬೇಡಿ, ಎಲೆಯ ಅಡಿಯಲ್ಲಿ ಹಾವು ಚೇಳು ಇರಬಹುದು. ಕಣಕಾಲು ಮುಚ್ಚುವ ಬೂಟು ಇದಕ್ಕಾಗಿಯೇ.

ಸಂಜೆ ಬಿಲ್ಲಿನ ಹೆದೆ ಇಳಿಸಿ, ಬಾಣಗಳನ್ನು ಒರೆಸಿ ಸಾಲಾಗಿ ಇಟ್ಟುಕೊಂಡು ಕೂತಿದ್ದಾಗ ಮೂರನೇ ಗುಂಪಿನ ಹುಡುಗಿ ಬಂದು ಕಿತ್ತಳೆ ಗರಿಯ ಬಾಣವೊಂದನ್ನು ಮುಂದೆ ಹಿಡಿದಳು. "ಅಣ್ಣ, ಒಂಬತ್ತರ ಹಿಂದೆ ಸಿಕ್ತು, ನಿಮ್ದಾ?" ನನ್ನದಲ್ಲ, ಗೆಳೆಯನದು. ಎರಡು ವರ್ಷದ ಹಿಂದಿನದು. ಗರಿಯನ್ನು ಹುಳ ತಿಂದಿತ್ತು, ಮೊನೆಗೆ ತುಕ್ಕು ಹಿಡಿದಿತ್ತು. ಬಾಣದ ಮೇಲೆ ಅವನ ಹೆಸರಿನ ಮೊದಲ ಅಕ್ಷರ ಮಾತ್ರ ಇನ್ನೂ ಓದುವಂತಿತ್ತು. ನಿಮ್ಮ ಬಾಣಗಳಿಗೂ ಅಳಿಸದ ಮಸಿಯಲ್ಲಿ ಹೆಸರು ಬರೆದುಕೊಂಡೇ ಹೊರಡಿ.