ಮಳೆ ಪುಸ್ತಕ ಮತ್ತು ನೆಪ್ಚೂನಿನ ಮೋಡ

1994ರ ಜುಲೈ. ನಾನು ಹತ್ತನೇ ಕ್ಲಾಸು. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಶಾಲೆಯ ಹಿಂದೆ ಬಾವಿಕಟ್ಟೆಯ ಆಚೆ ಒಂದು ಮಳೆಮಾಪಕ ಇತ್ತು. ಸರದಿ ಇದ್ದವರು ಬೆಳಿಗ್ಗೆ 8.30ಕ್ಕೆ ಹೋಗಿ, ಅದರೊಳಗಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಅಂತ ಬರೆಯಬೇಕು. ಪುಸ್ತಕ ನೆನೆಯಬಾರದು ಅಂತ ಗೊಬ್ಬರದ ಚೀಲ ಸುತ್ತಿರುತ್ತಿದ್ದೆವು. ಮಳೆ ಬಾರದ ದಿನವೂ ತೇದಿ ಹಾಕಿ ಸೊನ್ನೆ ಬರೆಯಲೇಬೇಕು. "ಸೊನ್ನೆಯೂ ಒಂದು ಲೆಕ್ಕವೇ ಕಣ್ರೋ" ಅನ್ನುತ್ತಿದ್ದರು ನಮ್ಮ ವಿಜ್ಞಾನದ ಟೀಚರ್.

ಅದೇ ತಿಂಗಳು ಗುರುಗ್ರಹಕ್ಕೆ ಶೂಮೇಕರ್-ಲೆವಿ 9 ಧೂಮಕೇತು ಬಡಿಯಿತು. ಇಪ್ಪತ್ತಕ್ಕೂ ಹೆಚ್ಚು ಚೂರುಗಳು ಸಾಲಾಗಿ ಬಂದು, ಜುಲೈ 16ರಿಂದ 22ರವರೆಗೆ ಒಂದರ ಹಿಂದೊಂದು ಬಿದ್ದವು. ನಮಗೆ ಆಕಾಶವೇ ಕಾಣಲಿಲ್ಲ. ಟೀಚರ್ ಪೇಪರಿನ ಚಿತ್ರ ಕತ್ತರಿಸಿ ತಂದು ಗೋಡೆಗೆ ಅಂಟಿಸಿದರು. ಗುರುವಿನ ಕೆಳಭಾಗದಲ್ಲಿ ಕಾಡಿಗೆ ಬೊಟ್ಟು ಇಟ್ಟ ಹಾಗೆ ಕಪ್ಪು ಕಲೆಗಳು. ಅವುಗಳಲ್ಲಿ ಒಂದು ನಮ್ಮ ಭೂಮಿಯಷ್ಟು ದೊಡ್ಡದು. "ಹಬಲ್ ದೂರದರ್ಶಕದಿಂದ ಇದನ್ನು ತೆಗೆದ ತಂಡಕ್ಕೆ ಒಬ್ಬ ಹೆಣ್ಣುಮಗಳೇ ಮುಂದಾಳು. ಹೈಡಿ ಹ್ಯಾಮೆಲ್. ಮೂವತ್ತನಾಲ್ಕೇ ವರ್ಷ" ಅಂದರು. ಹಿಂದಿನ ಬೆಂಚಿನಲ್ಲಿದ್ದ ನಾವು ನಾಲ್ಕು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಾನು ಬ್ಯಾಂಕ್ ಕೆಲಸಕ್ಕೆ ಸೇರಿದೆ. ಆದರೆ ಆ ಹೆಸರನ್ನು ಮಾತ್ರ ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹ್ಯಾಮೆಲ್ ಅವರಿಗೆ ಖಗೋಳ ಕಲಿಸಿದವರು ಜೇಮ್ಸ್ ಎಲಿಯಟ್. 1977ರ ಮಾರ್ಚ್ 10ರಂದು ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದ ವಿಮಾನದಿಂದ, ಯುರೇನಸ್ ಗ್ರಹ ಒಂದು ನಕ್ಷತ್ರಕ್ಕೆ ಅಡ್ಡ ಬರುವುದನ್ನು ನೋಡುತ್ತ, ಅದರ ಉಂಗುರಗಳನ್ನು ಕಂಡುಹಿಡಿದವರು ಅವರೇ. ಅದೇ ರಾತ್ರಿ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೂ ತಮಿಳುನಾಡಿನ ಕಾವಲೂರಿನಿಂದ ಅದೇ ನಕ್ಷತ್ರವನ್ನು ನೋಡುತ್ತಿದ್ದರು. ಉಂಗುರ ಅಡ್ಡ ಬಂದು ಅದರ ಬೆಳಕು ಕುಂದಿದ್ದು ಅವರ ದಾಖಲೆಯಲ್ಲೂ ಇದೆ. ಇದನ್ನು ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಹ್ಯಾಮೆಲ್ ಮುಂದೆ ಹವಾಯಿಗೆ ಹೋದರು. 1988ರಲ್ಲಿ ಅಲ್ಲಿ ಡಾಕ್ಟರೇಟ್ ಮುಗಿಸಿದರು. ಅವರು ಹಿಡಿದದ್ದು ನೆಪ್ಚೂನ್. ದೊಡ್ಡ ದೂರದರ್ಶಕದಲ್ಲೂ ಅದು ಒಂದು ಸಣ್ಣ ಬಿಲ್ಲೆ ಅಷ್ಟೆ. ಅಲ್ಲಿನ ವಾತಾವರಣದಲ್ಲಿ ಮೀಥೇನ್ ಅನಿಲ ಇದೆ, ಅದು ಕೆಂಪು ಬೆಳಕನ್ನು ನುಂಗುತ್ತದೆ. ಹಾಗೆ ನುಂಗಿಹೋಗುವ ಬೆಳಕಿನಲ್ಲೇ ಅವರು ಫೋಟೋ ತೆಗೆದರು. ಯಾಕೆ ಗೊತ್ತಾ? ಆ ಬೆಳಕಿನಲ್ಲಿ ಗ್ರಹವೆಲ್ಲ ಕಪ್ಪಾಗುತ್ತದೆ, ಮೀಥೇನಿಗಿಂತ ಮೇಲೆ ತೇಲುವ ಮೋಡ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಆ ಮೋಡ ಒಂದು ಸುತ್ತು ಹಾಕಿ ಮತ್ತೆ ಎದುರಿಗೆ ಬರಲು ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿದರೆ ಅಲ್ಲಿನ ಗಾಳಿಯ ಅಂದಾಜು ಸಿಗುತ್ತದೆ.

1989ರ ಆಗಸ್ಟ್‌ನಲ್ಲಿ ವಾಯೇಜರ್ 2 ಬಾಹ್ಯಾಕಾಶ ನೌಕೆ ನೆಪ್ಚೂನನ್ನು ದಾಟಿ ಹೋಯಿತು. ಅದರ ಚಿತ್ರಗಳ ತಂಡದಲ್ಲೂ ಹ್ಯಾಮೆಲ್ ಇದ್ದರು. ಭೂಮಿಯಷ್ಟು ಅಗಲದ ಒಂದು ಕಪ್ಪು ಸುಳಿ ಕಂಡಿತು. ಗುರುವಿನ ಕೆಂಪು ಚುಕ್ಕೆಯ ಹಾಗೆ ಇದೂ ಬಹುಕಾಲ ಇರುತ್ತದೆ ಅಂದುಕೊಳ್ಳುವುದು ಸಹಜ. ಆದರೆ 1994ರಲ್ಲಿ ಅವರು ಹಬಲ್‌ನಿಂದ ನೋಡಿದಾಗ ಸುಳಿ ಇಲ್ಲವೇ ಇಲ್ಲ! ಮರುವರ್ಷ ಉತ್ತರದ ಕಡೆ ಬೇರೊಂದು ಸುಳಿ ಹುಟ್ಟಿರುವುದು ತಿಳಿಯಿತು.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಮಳೆ ಪುಸ್ತಕ. ಒಂದು ದಿನದ ಅಳತೆ ನೋಡಿ ಮಳೆಗಾಲ ಹೀಗೇ ಅಂತ ಹೇಳಲಾಗುತ್ತದಾ? ವಾಯೇಜರ್ ಹೋಗಿದ್ದು ಒಂದೇ ಸಲ. ಯುರೇನಸ್ ಕೂಡ 1986ರಲ್ಲಿ ಅದಕ್ಕೆ ಸಪ್ಪೆ ಚೆಂಡಿನ ಹಾಗೆ ಕಂಡಿತ್ತು. ಹ್ಯಾಮೆಲ್ ಅವರೂ ಬರ್ಕ್ಲಿಯ ಇಮ್ಕೆ ಡಿ ಪಾಟರ್ ಅವರೂ ಹವಾಯಿಯ ಕೆಕ್ ದೂರದರ್ಶಕದಿಂದ ವರ್ಷಗಟ್ಟಲೆ ನೋಡಿ, ಅಲ್ಲೂ ಮೋಡ ಇದೆ, ಬಿರುಗಾಳಿ ಇದೆ ಅಂತ ತೋರಿಸಿದರು. ನೆಪ್ಚೂನ್ ಸೂರ್ಯನನ್ನು ಸುತ್ತಲು 165 ವರ್ಷ ಬೇಕು. ಒಂದೊಂದು ಋತುವೇ 40 ವರ್ಷಕ್ಕೂ ಜಾಸ್ತಿ. ಅಂದರೆ ಒಬ್ಬ ವಿಜ್ಞಾನಿ ಇಡೀ ಜೀವಮಾನ ನೋಡಿದರೂ ಸಿಗುವುದು ಒಂದೇ ಬೇಸಿಗೆ.

2009ರಲ್ಲಿ ಗುರುವಿಗೆ ಇನ್ನೊಂದು ಕಾಯ ಬಡಿದಾಗಲೂ ಹಬಲ್ ತಂಡವನ್ನು ನಡೆಸಿದ್ದು ಇವರೇ. ಜೇಮ್ಸ್ ವೆಬ್ ದೂರದರ್ಶಕದ ಕೆಲಸಕ್ಕೆ 2002ರಲ್ಲೇ ಸೇರಿದ್ದರು. ಅದು ಮೇಲೆ ಹೋಗಿದ್ದು 2021ರ ಡಿಸೆಂಬರ್ 25ರಂದು. ಎಷ್ಟು ವರ್ಷ ಕಾದರು ನೋಡಿ.

2022ರ ಸೆಪ್ಟೆಂಬರ್‌ನಲ್ಲಿ ವೆಬ್ ತೆಗೆದ ನೆಪ್ಚೂನಿನ ಚಿತ್ರ ಬಂತು. ವಾಯೇಜರ್ ನಂತರ ಉಂಗುರಗಳು ಅಷ್ಟು ಸ್ಪಷ್ಟವಾಗಿ ಕಂಡಿದ್ದು ಅದೇ ಮೊದಲು. ಬೆಳ್ಳಗೆ ಹೊಳೆಯುವ ಮೋಡಗಳೂ ಇದ್ದವು. ರಾತ್ರಿಯೇ ಟೀಚರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ರಿಟೈರ್ ಆಗಿ ಮಗಳ ಮನೆಯಲ್ಲಿದ್ದಾರೆ. ಬೆಳಿಗ್ಗೆ ಉತ್ತರ ಬಂದಿತ್ತು.

"ಮೋಡ ಚೆನ್ನಾಗಿ ಕಾಣ್ತಿದೆ ಕಣೇ. ಯಾವತ್ತು ತೆಗೆದಿದ್ದು? ತೇದಿ ಬರೆದಿಲ್ವಲ್ಲ."

ಹುಡುಕಿ ಬರೆದೆ: 2022, ಜುಲೈ 12.